ಎಲ್‌ಸಿಡಿ ಡ್ರೈವ್ ಸಿಗ್ನಲ್ ಪೇಟೆಂಟು ರಿಜೆಕ್ಟ್ ಆಯ್ತು, ಅಪೀಲಿಗೆ ಹೋಗೋದಾ ಬೇಡ್ವಾ?

ಮೀಟರ್_ಮಂಜ

ಎಲ್ರಿಗೂ ನಮಸ್ಕಾರ. ಪೋಸ್ಟು ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ಪೀಣ್ಯದಲ್ಲಿ ನಮ್ದೊಂದು ಚಿಕ್ಕ ಕಂಪನಿ, ಹದಿನಾಲ್ಕು ಜನ, ಮನೆ ಕರೆಂಟ್ ಮೀಟರಿಗೆ ಬೋರ್ಡು ಮಾಡ್ತೀವಿ. ಮೀಟರಲ್ಲಿ ಬೂದು ಗಾಜಿನ ಮೇಲೆ ಕಪ್ಪು ಅಂಕಿ ಬರುತ್ತಲ್ಲ, ಅದನ್ನ ಓಡಿಸೋ ಸಿಗ್ನಲ್ಲು ನನ್ನ ಕೆಲಸ. ಕರೆಂಟ್ ಹೋದಾಗ್ಲೂ ಬಟನ್ ಒತ್ತಿದ್ರೆ ರೀಡಿಂಗ್ ಕಾಣ್ಬೇಕು, ಆಗ ಒಳಗಿರೋ ಪುಟ್ಟ ಬ್ಯಾಟರಿನೇ ಗತಿ, ಆ ಬ್ಯಾಟರಿ ವರ್ಷಗಟ್ಲೆ ಬಾಳ್ಬೇಕು, ಹಾಗಾಗಿ ಒಂದೊಂದು ಮೈಕ್ರೋ ಆಂಪಿಗೂ ನಮ್ಮಲ್ಲಿ ಜಗಳ ಆಗುತ್ತೆ.

ನಾವು ಮಾಡಿದ್ದು ಏನಂದ್ರೆ. ಡಿಸ್‌ಪ್ಲೇಗೆ 4 ಕಾಮನ್ ಲೈನು (ಹಲವು ಗೀಟಿಗೆ ಸೇರಿ ಇರೋ ತಂತಿ), ಒಂದಾದ ಮೇಲೆ ಒಂದು ಸ್ಕ್ಯಾನ್ ಆಗುತ್ತೆ. ಪ್ರತಿ ಸಲಾನೂ ಸೆಗ್ಮೆಂಟ್ ಲೈನು (ಅಂಕಿಯ ಗೀಟುಗಳಿಗೆ ಡೇಟಾ ಒಯ್ಯೋ ತಂತಿ) ಆನ್ ವೋಲ್ಟೇಜು ಇಲ್ಲಾ ಆಫ್ ವೋಲ್ಟೇಜು ಕೊಡ್ಬೇಕು. ಒಂದು ಸೆಗ್ಮೆಂಟ್ ಲೈನಿನ ಡೇಟಾ 1-0-1-0 ಅಂತಿದ್ರೆ ವೋಲ್ಟೇಜು ಮೂರು ಸಲ ಜಿಗಿಯುತ್ತೆ, ಎರಡು ಗಾಜಿನ ಮಧ್ಯದ ಕೆಪಾಸಿಟೆನ್ಸು ಅಷ್ಟು ಸಲ ತುಂಬಿ ಖಾಲಿ ಆಗುತ್ತೆ, ಆ ಖರ್ಚೆಲ್ಲಾ ಬ್ಯಾಟರಿ ತಲೆ ಮೇಲೆ. ಅದೇ ಸ್ಕ್ಯಾನ್ ಕ್ರಮವನ್ನ 1, 3, 2, 4 ಅಂತ ಮಾಡಿದ್ರೆ ಡೇಟಾ 1-1-0-0 ಆಗುತ್ತೆ, ಒಂದೇ ಜಿಗಿತ. 4 ಲೈನಿಗೆ ಒಟ್ಟು 24 ಕ್ರಮ, ಹಿಂದುಮುಂದು ಎರಡೂ ಒಂದೇ ಅಂತ ಬಿಟ್ರೆ 12. ಅಂಕಿ ಬದಲಾದಾಗ ಮಾತ್ರ ಕಂಟ್ರೋಲರು ಆ 12ನ್ನೂ ನೋಡಿ, ಎಲ್ಲಾ ಸೆಗ್ಮೆಂಟ್ ಲೈನೂ ಸೇರಿಸಿ ಎಲ್ಲಿ ಜಿಗಿತ ಕಡಿಮೆಯೋ ಆ ಕ್ರಮ ಹಿಡಿಯುತ್ತೆ. ಇಷ್ಟೇ ನೋಡಿ.

ಪೇಟೆಂಟಿಗೆ ಹಾಕಿದ್ವಿ, ಹಿಯರಿಂಗೂ ಆಯ್ತು, ಈಗ ಪೇಟೆಂಟ್ ಕಾಯ್ದೆ ಸೆಕ್ಷನ್ 15ರಲ್ಲಿ ರಿಜೆಕ್ಟ್ ಅಂತ ಆರ್ಡರ್ ಬಂದಿದೆ. ಎರಡು ಕಾರಣ. ಒಂದು, ಡಿ1 ಮತ್ತೆ ಡಿ2 (ಪೇಟೆಂಟ್ ಆಫೀಸು ಎದುರಿಗಿಟ್ಟ ಎರಡು ಹಳೇ ದಾಖಲೆ) ಸೇರಿಸಿ ನೋಡಿದ್ರೆ ಇದರಲ್ಲಿ ಇನ್ವೆಂಟಿವ್ ಸ್ಟೆಪ್ ಇಲ್ಲ, ಅಂದ್ರೆ ಕಸುಬು ತಿಳಿದೋರಿಗೆ ಸಲೀಸಾಗಿ ಹೊಳೆಯೋದೇ. ಎರಡು, ಸೆಕ್ಷನ್ 3(ಕೆ), ಅಂದ್ರೆ ಇದು ಬರೀ ಆಲ್ಗರಿದಮ್ಮು. ಡಿ2 ಹೊರದೇಶದ ಯಾವುದೋ ಪೇಟೆಂಟು, ಬೇರೆ ಥರದ ಡಿಸ್‌ಪ್ಲೇಲಿ ಪವರ್ ಉಳಿಸೋಕೆ ಸ್ಕ್ಯಾನ್ ಕ್ರಮ ಬದಲಾಯಿಸ್ತಾರೆ. ಡಿ1 ನೋಡಿ ನಗು ಬಂತು, 1988ರ ಕಾನ್ಫರೆನ್ಸ್ ಪೇಪರು, ಬರೆದೋರು ನಮ್ಮ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ರುಕ್ಮಾಂಗದನ್! ಮೇಖ್ರಿ ಸರ್ಕಲ್ ದಾಟಿಕೊಂಡು ದಿನಾ ಓಡಾಡ್ತೀನಿ, ಪ್ರಯರ್ ಆರ್ಟ್ ಸರ್ಚಿಗೆ (ಇದೇ ಥರದ್ದು ಮುಂಚೆ ಯಾರಾದ್ರೂ ಮಾಡಿದಾರಾ ಅಂತ ಹುಡುಕೋಕೆ) ದುಡ್ಡು ಕೊಟ್ಟು ಜಪಾನು ಅಮೆರಿಕ ಎಲ್ಲಾ ಜಾಲಾಡಿದ್ವಿ, ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತು.

ನನ್ನ ಪ್ರಶ್ನೆ: ಅಪೀಲು ಎಲ್ಲಿಗೆ, ಎಷ್ಟು ದಿನದೊಳಗೆ? ಡಿ1ರಲ್ಲಿ ಒಟ್ಟಿಗೆ ಹಲವು ಲೈನು ಸೆಲೆಕ್ಟ್ ಮಾಡ್ತಾರೆ, ನಮ್ದು ಒಂದೊಂದೇ ಲೈನು, ಇದು ಬೇರೆ ಅಂತ ಹೇಳಿದ್ರೆ ಸಾಕಾ? ಪಾರ್ಟ್ನರ್ರು ಬಿಟ್ಟಾಕು ಗುರು ಅಂತಿದಾನೆ, ನಂಗೆ ಮನಸ್ಸಾಗ್ತಿಲ್ಲ.

ಕರಡು_ಕಮಲ

ಪೇಟೆಂಟ್ ಏಜೆಂಟು ನಾನು, ನಿಮ್ಮ ಫೈಲ್ ನೋಡಿಲ್ಲ, ಹಾಗಾಗಿ ಇದನ್ನ ಕಾನೂನು ಸಲಹೆ ಅಂತ ತಗೋಬೇಡಿ, ಪಕ್ಕದ್ಮನೆ ಅಕ್ಕ ಹೇಳಿದ್ಲು ಅಂತ ತಗೊಳ್ಳಿ.

ಮೊದಲು ತಾರೀಕು ನೋಡಿ. ಸೆಕ್ಷನ್ 117ಎ ಪ್ರಕಾರ ಆರ್ಡರ್ ಆದ ದಿನದಿಂದ 3 ತಿಂಗಳು. ತಡ ಆದ್ರೆ ಕೋರ್ಟ್ ಮುಂದೆ ಕಾರಣ ಹೇಳಿ ಕೇಳ್ಕೋಬೇಕು, ಆ ಸ್ಥಿತಿಗೆ ಹೋಗ್ಬೇಡಿ. ಅದೇ ಆಫೀಸಿನಲ್ಲಿ ರಿವ್ಯೂ ಕೇಳೋಕೂ ದಾರಿ ಇದೆ, ಸೆಕ್ಷನ್ 77ರಲ್ಲಿ, ಅದಕ್ಕೆ ಟೈಮು ಒಂದೇ ತಿಂಗಳು, ಬೇಕಂದ್ರೆ ಇನ್ನೊಂದು ತಿಂಗಳು ಕೇಳ್ಬಹುದು. ಆದ್ರೆ ಅದು ಆರ್ಡರಿನಲ್ಲಿ ಕಣ್ಣಿಗೆ ರಾಚೋ ತಪ್ಪಿದ್ರೆ ಮಾತ್ರ ಉಪಯೋಗ. ನಿಮ್ಮ ಥರದ ಒಳ್ಳೇದು-ಕೆಟ್ಟದ್ದು ವಾದಕ್ಕೆ ರಿವ್ಯೂ ಹಾಕಿ ಕಾಯ್ತಾ ಕೂತ್ರೆ ಅಪೀಲಿನ ದಿನ ಕರಗಿ ಹೋಗುತ್ತೆ.

ಎಲ್ಲಿಗೆ ಅಂದ್ರೆ, ಮುಂಚೆ ಐಪಿಎಬಿ ಅಂತ ಟ್ರಿಬ್ಯುನಲ್ ಇತ್ತು, 2021ರ ಏಪ್ರಿಲ್‌ನಲ್ಲಿ ಅದನ್ನ ಮುಚ್ಚಿದ್ರು, ಈಗ ನೇರ ಹೈಕೋರ್ಟು. ಬೆಂಗಳೂರಿನೋರು ಕಬ್ಬನ್ ಪಾರ್ಕ್ ಪಕ್ಕದ ಕೆಂಪು ಕಟ್ಟಡದ ಕಡೆ ಹೊರಡ್ತಾರೆ, ಅಲ್ಲ. ಕರ್ನಾಟಕದ ಅರ್ಜಿಗಳೆಲ್ಲಾ ಚೆನ್ನೈ ಪೇಟೆಂಟ್ ಆಫೀಸಿನ ವ್ಯಾಪ್ತಿ, ಆ ಆಫೀಸು ಯಾವ ಹೈಕೋರ್ಟಿನ ಕೆಳಗೆ ಬರುತ್ತೋ ಅಲ್ಲೇ ಅಪೀಲು, ಅಂದ್ರೆ ಮದ್ರಾಸ್ ಹೈಕೋರ್ಟು. 2022ರಲ್ಲಿ ಡಾ. ರೆಡ್ಡೀಸ್ ಕೇಸಿನಲ್ಲಿ ದೆಹಲಿ ಹೈಕೋರ್ಟು ಇದನ್ನ ಬಿಡಿಸಿ ಹೇಳಿದೆ. ಮದ್ರಾಸಿನಲ್ಲಿ 2023ರಿಂದ ಇಂಥ ಕೇಸಿಗೇ ಅಂತ ಪ್ರತ್ಯೇಕ ಐಪಿ ಡಿವಿಜನ್ ಇದೆ. ಅಲ್ಲಿ ವಾದ ಮಾಡೋಕೆ ವಕೀಲರೇ ಬೇಕು, ನನ್ನಂಥ ಏಜೆಂಟು ಪಕ್ಕದಲ್ಲಿ ಕೂತು ಪೇಪರ್ ಎತ್ತಿಕೊಡಬಹುದು ಅಷ್ಟೇ.

ಈಗ ಆರ್ಡರನ್ನ ಮತ್ತೆ ಓದಿ, ಸಿಟ್ಟು ಪಕ್ಕಕ್ಕಿಟ್ಟು. 2022ರಲ್ಲಿ ಅಗ್ರಿಬೋರ್ಡ್ ಕೇಸಿನಲ್ಲಿ ದೆಹಲಿ ಹೈಕೋರ್ಟು ಏನು ಹೇಳ್ತು ಅಂದ್ರೆ, ಇನ್ವೆಂಟಿವ್ ಸ್ಟೆಪ್ ಇಲ್ಲ ಅಂತ ತಿರಸ್ಕರಿಸೋ ಮುಂಚೆ ಹಳೇ ದಾಖಲೆಯಲ್ಲಿ ಏನಿದೆ, ಅರ್ಜಿಯಲ್ಲಿ ಏನಿದೆ, ಹಳೇದು ತಿಳಿದ ಕಸುಬುದಾರನಿಗೆ ಹೊಸದು ಹೇಗೆ ಸಲೀಸಾಗಿ ಹೊಳೀತಿತ್ತು, ಈ ಮೂರನ್ನೂ ಬಿಡಿಸಿ ಹೇಳ್ಬೇಕು. ನಿಮ್ಮ ಆರ್ಡರಿನಲ್ಲಿ ಮೂರನೇದು ಇದ್ಯಾ? "ಡಿ1ರಲ್ಲಿ ಇದಿದೆ, ಡಿ2ರಲ್ಲಿ ಅದಿದೆ, ಆದ್ದರಿಂದ" ಅಂತ ಒಂದೇ ಲೈನಲ್ಲಿ ಮುಗಿಸಿದ್ರೆ ನಿಮಗೆ ಹಿಡಿಯೋಕೆ ಒಂದು ಕೊಂಬೆ ಸಿಕ್ತು. ಆದ್ರೆ ಇದನ್ನೂ ತಿಳ್ಕೊಳ್ಳಿ, ಆ ಕೊಂಬೆ ಹಿಡಿದು ಗೆದ್ರೆ ಹೈಕೋರ್ಟು ಪೇಟೆಂಟು ಕೈಗೆ ಕೊಡಲ್ಲ, ಬಹಳ ಸಲ ಮತ್ತೆ ಪರಿಶೀಲಿಸಿ ಅಂತ ಬೇರೆ ಅಧಿಕಾರಿ ಹತ್ರ ವಾಪಸ್ ಕಳಿಸುತ್ತೆ. ಅಲ್ಲಿ ಮತ್ತೆ ಡಿ1, ಡಿ2 ಎದುರಿಗೆ ಕೂತಿರುತ್ತೆ.

3(ಕೆ) ಬಗ್ಗೆ, ನಿಮ್ಮ ಕ್ಲೈಮ್ 1ರ (ಇಷ್ಟು ನಮ್ದು ಅಂತ ಹಕ್ಕು ಕೇಳೋ ಮೊದಲ ವಾಕ್ಯದ) ಕೊನೇ ಸಾಲು ಏನಿದೆ ಹಾಕಿ ನೋಡೋಣ.

ಮೀಟರ್_ಮಂಜ

ಥ್ಯಾಂಕ್ಸ್ ಮೇಡಂ. ಆರ್ಡರಿನಲ್ಲಿ ಮೂರನೇದು ಎರಡು ಸಾಲು ಇದೆ. ಇಲ್ಲ ಅಂತ ಹೇಳೋಕಾಗಲ್ಲ.

ಕ್ಲೈಮ್ 1ರ ಕೊನೆ, ಕನ್ನಡದಲ್ಲಿ ಹೇಳೋದಾದ್ರೆ, "...ಪ್ರತಿ ಕ್ರಮಕ್ಕೂ ಜಿಗಿತದ ಮೊತ್ತ ಲೆಕ್ಕ ಹಾಕಿ, ಅತಿ ಕಡಿಮೆ ಮೊತ್ತದ ಕ್ರಮವನ್ನು ಆಯ್ಕೆ ಮಾಡುವ ವಿಧಾನ". ಅಲ್ಲಿಗೆ ಫುಲ್‌ಸ್ಟಾಪು.

ಕರಡು_ಕಮಲ

ಅಯ್ಯೋ. ಅಲ್ಲೇ ನಿಂತ್ರೆ ಅದು ಲೆಕ್ಕಾನೇ ಅಲ್ವಾ. ಆಯ್ಕೆ ಮಾಡಿ ಏನ್ ಮಾಡಿದ್ರಿ? ಆ ಕ್ರಮದಲ್ಲಿ ಕಾಮನ್ ಎಲೆಕ್ಟ್ರೋಡಿಗೆ ಸೆಲೆಕ್ಟ್ ವೋಲ್ಟೇಜು ಕೊಟ್ರಿ, ಸೆಗ್ಮೆಂಟ್ ಎಲೆಕ್ಟ್ರೋಡಿಗೆ ಡೇಟಾ ವೋಲ್ಟೇಜು ಕೊಟ್ರಿ, ಗಾಜು ಕಪ್ಪಾಯ್ತು. ಅದು ಕ್ಲೈಮಿನಲ್ಲಿ ಇರ್ಬೇಕಿತ್ತು. 2019ರ ಫೆರಿದ್ ಅಲ್ಲಾನಿ ಕೇಸಿನಿಂದ ಈಚೆಗೆ ತಾಂತ್ರಿಕ ಪರಿಣಾಮ ಏನು ಅಂತ ನೋಡ್ತಾರೆ, ನಿಮ್ಮಲ್ಲಿ ಪರಿಣಾಮ ಇದೆ, ಬ್ಯಾಟರಿ ಉಳಿಯುತ್ತೆ, ಆದ್ರೆ ಕ್ಲೈಮು ಆ ಬಾಗಿಲ ತನಕ ಬಂದು ಹೊಸಿಲು ದಾಟಿಲ್ಲ.

ಹಳೇ_ಸ್ಕೋಪು

ರಿಟೈರ್ ಆಗಿ ಒಂಬತ್ತು ವರ್ಷ ಆಯ್ತು, ಡಿಸ್‌ಪ್ಲೇ ಅಂತ ಕಂಡ್ರೆ ಇನ್ನೂ ಕೈ ತುರಿಸುತ್ತೆ. ಕಾನೂನು ಮೇಡಂ ಹೇಳ್ಲಿ, ನಾನು ಡಿ1 ಬಗ್ಗೆ ಹೇಳ್ತೀನಿ.

ಮಂಜ ಅವರೇ, "ಅವರದ್ದು ಹಲವು ಲೈನು, ನಮ್ದು ಒಂದೇ ಲೈನು" ಅನ್ನೋ ವಾದ ಬೇಡ. ಎದುರಿಗೆ ಯಾರಾದ್ರೂ ತಿಳಿದೋರು ಕೂತಿದ್ರೆ ಒಂದು ನಿಮಿಷ ನಿಲ್ಲಲ್ಲ. ಯಾಕೆ ಅಂತ ಕೇಳಿ.

ಲಿಕ್ವಿಡ್ ಕ್ರಿಸ್ಟಲ್ಲಿಗೆ ಪ್ಲಸ್ಸು ಮೈನಸ್ಸು ಗೊತ್ತಾಗಲ್ಲ, ಆರ್‌ಎಂಎಸ್ (ವೋಲ್ಟೇಜಿನ ಒಂಥರಾ ಸರಾಸರಿ ಬಲ) ಮಾತ್ರ ಗೊತ್ತಾಗುತ್ತೆ. ಡಿಸಿ ಉಳಿದ್ರೆ ನಿಧಾನಕ್ಕೆ ಹಾಳಾಗುತ್ತೆ, ಅದಕ್ಕೇ ಪೊಲಾರಿಟಿ ತಿರುಗಿಸ್ತಾ ಇರ್ಬೇಕು. ನಿಮ್ಮ 4 ಲೈನಿನ ಮೀಟರಲ್ಲಿ 1/3 ಬಯಾಸು (ವೋಲ್ಟೇಜನ್ನ ಮೂರು ಸಮ ಮೆಟ್ಟಿಲು ಮಾಡಿ ಕೊಡೋದು), 3 ವೋಲ್ಟು ಕೊಟ್ರೆ ಆಫ್ ಪಿಕ್ಸೆಲಿಗೆ 1 ವೋಲ್ಟು ಬೀಳುತ್ತೆ, ಆನ್ ಪಿಕ್ಸೆಲಿಗೆ 1.73. ಅಂದ್ರೆ ಆಫ್ ಅನ್ನೋದು ನಿಜವಾಗಿ ಆಫ್ ಅಲ್ಲ, ಕಡಿಮೆ ಆನ್ ಅಷ್ಟೇ. ಲೈನು ಜಾಸ್ತಿ ಆದ ಹಾಗೆ ಈ ಅಂತರ ಕುಗ್ಗುತ್ತೆ, 64 ಲೈನಿಗೆ ಅನುಪಾತ 1.13, 240 ಲೈನಿಗೆ 1.07ಕ್ಕೂ ಒಂಚೂರು ಕಡಿಮೆ. 1974ರಲ್ಲಿ ಆಲ್ಟ್ ಮತ್ತೆ ಪ್ಲೆಷ್ಕೊ ಈ ಲೆಕ್ಕ ಹಾಕಿಟ್ರು, ಒಂದೊಂದೇ ಲೈನು ಸ್ಕ್ಯಾನ್ ಮಾಡೋ ಎಲ್ರೂ ಇವತ್ತಿಗೂ ಅದನ್ನೇ ಹಿಡ್ಕೊಂಡಿರೋದು.

ಡಿ1, ಅಂದ್ರೆ ಆ ರಾಮನ್ ಇನ್‌ಸ್ಟಿಟ್ಯೂಟಿನ ಪೇಪರಿನ ತಿರುಳು ಏನಂದ್ರೆ ಒಂದೊಂದೇ ಲೈನು ಯಾಕೆ, ಹಲವಾರು ಲೈನಿಗೆ ಒಟ್ಟಿಗೆ ಒಂದಕ್ಕೊಂದು ಆರ್ಥಾಗನಲ್ ಆದ (ಒಂದು ಇನ್ನೊಂದರಲ್ಲಿ ಬೆರೆಯದ) ವೋಲ್ಟೇಜು ಪ್ಯಾಟರ್ನು ಕೊಡಿ, ಕಾಲಂ ವೋಲ್ಟೇಜನ್ನ ಡೇಟಾ ಮತ್ತೆ ಆ ಪ್ಯಾಟರ್ನು ಎರಡನ್ನೂ ನೋಡಿ ಲೆಕ್ಕ ಹಾಕಿ, ಆರ್‌ಎಂಎಸ್ ಸರಿಯಾಗೇ ಬರುತ್ತೆ, ಸಪ್ಲೈ ವೋಲ್ಟೇಜು ಇಳಿಯುತ್ತೆ. ಅಮೆರಿಕದಲ್ಲಿ ಶೆಫರ್ ಮತ್ತೆ ಕ್ಲಿಫ್ಟನ್ ಇದೇ ಥರದ್ದನ್ನ ಆಕ್ಟಿವ್ ಅಡ್ರೆಸಿಂಗ್ ಅಂತ ತೋರಿಸಿದ್ದು 1992ರಲ್ಲಿ, ಲೆಕ್ಕ ಹಾಕಿ ಎಷ್ಟು ವರ್ಷ ಮುಂಚೆ ಅಂತ. ಸದಾಶಿವನಗರದ ಮರಗಳ ಮಧ್ಯೆ ಕೂತು ಮಾಡಿದ ಕೆಲಸ, ನಮ್ಮ ಹುಡುಗರಿಗೆ ಹೆಸರೇ ಗೊತ್ತಿಲ್ಲ, ಅದು ಬೇರೆ ಹೊಟ್ಟೆಉರಿ ಬಿಡಿ.

ಈಗ ನೋಡಿ ತಮಾಷೆ. ಆ ಆರ್ಥಾಗನಲ್ ಪ್ಯಾಟರ್ನುಗಳ ಮ್ಯಾಟ್ರಿಕ್ಸಿನ ಜಾಗದಲ್ಲಿ ಐಡೆಂಟಿಟಿ ಮ್ಯಾಟ್ರಿಕ್ಸು (ಸಾಲಿಗೊಂದೇ 1, ಮಿಕ್ಕಿದ್ದೆಲ್ಲಾ 0) ಹಾಕಿದ್ರೆ ಏನಾಗುತ್ತೆ? ಒಂದು ಟೈಮಿಗೆ ಒಂದೇ ಲೈನು. ಅಂದ್ರೆ ನಿಮ್ಮ ಸ್ಕ್ಯಾನು ಅದರ ಒಂದು ಸ್ಪೆಷಲ್ ಕೇಸು. ಕ್ರಮ ಬದಲಾಯಿಸೋದು ಅಂದ್ರೆ ಮ್ಯಾಟ್ರಿಕ್ಸಿನ ಕಾಲಮ್ಮುಗಳನ್ನ ಅದಲುಬದಲು ಮಾಡೋದು, ಅದು ಆಮೇಲೂ ಆರ್ಥಾಗನಲ್ಲೇ, ಅದಕ್ಕೇ ನಿಮ್ಮ ಆರ್‌ಎಂಎಸ್ ಕೆಟ್ಟಿಲ್ಲ. ಜೊತೆಗೆ ಡಿ2 ಪವರಿಗೋಸ್ಕರ ಕ್ರಮ ಬದಲಾಯಿಸಿ ಅಂತಿದೆ. ನನ್ನನ್ನ ಕೇಳಿದ್ರೆ ಕ್ಲೈಮ್ 1 ಹೋಯ್ತು. ಬೇಜಾರು ಮಾಡ್ಕೋಬೇಡಿ.

ಆದ್ರೆ ನಿಮ್ಮ ಪೋಸ್ಟಿನಲ್ಲಿ ಒಂದು ಮಾತಿಗೆ ನನ್ನ ಕಣ್ಣು ಸಿಕ್ಕಾಕ್ಕೊಂಡಿದೆ. "ಹಿಂದುಮುಂದು ಎರಡೂ ಒಂದೇ" ಅಂದ್ರಿ. ಬ್ಯಾಟರಿಗೆ ಒಂದೇ, ಸರಿ. ಕಣ್ಣಿಗೆ ಒಂದೇನಾ? ಫ್ರೇಮ್ ರೇಟು (ಸೆಕೆಂಡಿಗೆ ಎಷ್ಟು ಸಲ ನಾಲ್ಕೂ ಲೈನು ಸುತ್ತಿ ಬರುತ್ತೆ) ಎಷ್ಟಿಟ್ಟಿದೀರಿ?

ಮೀಟರ್_ಮಂಜ

ಸಾರ್, 64 ಹರ್ಟ್ಜು. ನೀವು ಕೇಳಿದ್ದು ಓದಿ ಎದೆ ಧಸಕ್ ಅಂತು, ಯಾಕಂದ್ರೆ ಅದರಲ್ಲೇ ನಾವು ಎರಡು ತಿಂಗಳು ಒದ್ದಾಡಿದ್ದು.

ಮೊದಲ ಬ್ಯಾಚು ಬೆಂಗಳೂರಲ್ಲಿ ಟೆಸ್ಟ್ ಮಾಡಿದಾಗ ಎಲ್ಲಾ ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ ಕಲಬುರಗಿ ಕಡೆ ಹಾಕಿದ ಮೀಟರಲ್ಲಿ ಅಂಕಿ ಬದಲಾದಾಗೆಲ್ಲಾ ಒಂದು ಕ್ಷಣ ಮಿಣುಕು ಬರುತ್ತೆ ಅಂತ ಫೋನು. ಇಲ್ಲಿ ತಂದು ನೋಡಿದ್ರೆ ಇಲ್ಲ. ಕೊನೆಗೆ ಬೋರ್ಡನ್ನ ಡಬ್ಬಿಯೊಳಗಿಟ್ಟು ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ, ಫೋನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದಾಗ ಸಿಕ್ತು. ಬಿಸಿ ಆದ್ರೆ ಲಿಕ್ವಿಡ್ ಕ್ರಿಸ್ಟಲ್ಲು ತೆಳ್ಳಗಾಗಿ ಬೇಗ ಸಡಿಲ ಆಗುತ್ತಲ್ಲ. ಒಂದು ಫ್ರೇಮು 15.6 ಮಿಲಿಸೆಕೆಂಡು, ಒಂದು ಲೈನಿಗೆ 3.9. ಹಳೇ ಕ್ರಮದಲ್ಲಿ ಮೊದಲು ಬರ್ತಿದ್ದ ಲೈನು ಹೊಸ ಕ್ರಮದಲ್ಲಿ ಕೊನೆಗೆ ಹೋದ್ರೆ ಮತ್ತೆ ಅದರ ಸರದಿ ಬರೋಕೆ 27 ಮಿಲಿಸೆಕೆಂಡು, ಕೊನೇದು ಮೊದಲಿಗೆ ಬಂದ್ರೆ ಬರೀ 4. ಆ 27ರ ಲೈನು ಅಷ್ಟೊತ್ತಿಗೆ ಮಂಕಾಗಿರುತ್ತೆ, 4ರದ್ದು ಕಡು ಕಪ್ಪಾಗುತ್ತೆ, ಅದೇ ಮಿಣುಕು.

ಪರಿಹಾರ ಏನ್ ಮಾಡಿದ್ವಿ ಅಂದ್ರೆ, ಕಡಿಮೆ ಜಿಗಿತದ ಕ್ರಮ ಸಿಕ್ಕ ಮೇಲೆ ಅದನ್ನ ನೆಟ್ಟಗೆ ಹಾಕೋದಾ ತಿರುಗಿಸಿ ಹಾಕೋದಾ ಅಂತ ಹಳೇ ಕ್ರಮದ ಜೊತೆ ಹೋಲಿಸಿ ನೋಡ್ತೀವಿ. ಈಗ ಓಡ್ತಿರೋದು 1, 3, 2, 4 ಇದ್ದು ಹೊಸದು 4, 2, 1, 3 ಅಂತ ಬಂತು ಅನ್ಕೊಳ್ಳಿ, ಅದನ್ನ ಹಾಗೇ ಹಾಕಿದ್ರೆ 4ನೇ ಲೈನು ಕೊನೆಯಿಂದ ಮೊದಲಿಗೆ ಹಾರುತ್ತೆ. ತಿರುಗಿಸಿ 3, 1, 2, 4 ಅಂತ ಹಾಕಿದ್ರೆ ಜಿಗಿತ ಅಷ್ಟೇ ಇರುತ್ತೆ, 2 ಮತ್ತೆ 4 ಅಲುಗಾಡಲ್ಲ, 1 ಮತ್ತೆ 3 ಒಂದೊಂದೇ ಜಾಗ ಜರುಗುತ್ತೆ. ಮಿಣುಕು ಹೋಯ್ತು. ಒಂದು ಕಂಪ್ಯಾರಿಸನ್ನು, ಅಷ್ಟೇ ಖರ್ಚು.

ಹಳೇ_ಸ್ಕೋಪು

ಇದು ನೋಡಿ ವಿಷಯ! ಇದನ್ನ ಮೊದಲನೇ ಪೋಸ್ಟಿನಲ್ಲಿ ಹೇಳೋದು ಬಿಟ್ಟು 12, 24 ಅಂತ ಲೆಕ್ಕ ಹೇಳ್ತಾ ಕೂತಿದ್ರಲ್ಲ ಮಾರಾಯ್ರೆ. ಡಿ1, ಡಿ2 ಎರಡರಲ್ಲೂ ಹಳೇ ಕ್ರಮಕ್ಕೂ ಹೊಸ ಕ್ರಮಕ್ಕೂ ಸಂಬಂಧ ನೋಡೋ ಮಾತು ಇದ್ಯಾ? ಡಿ2ರಲ್ಲಿ ಕ್ರಮ ಒಂದ್ಸಲ ಫಿಕ್ಸ್ ಮಾಡಿದ್ರೆ ಮುಗೀತು ಅಂತಿದ್ರೆ ಈ ಮಿಣುಕಿನ ತೊಂದರೆನೇ ಅವರಿಗೆ ಬಂದಿರಲ್ಲ. ಬರದ ತೊಂದರೆಗೆ ಅವರು ಮದ್ದು ಹೇಳಿರೋದು ಹೇಗೆ.

ಕರಡು_ಕಮಲ

ಮಂಜ, ಇದು ಫೈಲ್ ಮಾಡಿದ ಸ್ಪೆಸಿಫಿಕೇಶನ್ನಿನಲ್ಲಿ (ಅರ್ಜಿ ಜೊತೆ ಕೊಟ್ಟ ಪೂರ್ತಿ ವಿವರಣೆಯಲ್ಲಿ) ಇದ್ಯಾ ಇಲ್ವಾ? ಹೌದು ಇಲ್ಲ ಅಂತ ಹೇಳಿ ಸಾಕು, ಮಿಕ್ಕಿದ್ದೆಲ್ಲಾ ಇದರ ಮೇಲೆ ನಿಂತಿದೆ. ಆಮೇಲೆ ಹೊಳೆದಿದ್ದು ಅಂದ್ರೆ ಈ ಅರ್ಜಿಗೆ ಸೇರಿಸೋಕಾಗಲ್ಲ.

ಉಪ್ಪಿನಕಾಯಿ_77

ಮಧ್ಯ ಬಾಯಿ ಹಾಕ್ತೀನಿ ಕ್ಷಮಿಸಿ. ಪೇಟೆಂಟು ತಗೊಂಡು ಏನ್ ಉಪ್ಪಿನಕಾಯಿ ಹಾಕ್ತೀರಾ? ಫೈಲ್ ಮಾಡಿದ ದಿನದಿಂದ 20 ವರ್ಷ ಅಂತಾರೆ, ಈಗಾಗ್ಲೇ ಎಷ್ಟೋ ವರ್ಷ ಕಳೆದಿರುತ್ತೆ, ಸಿಕ್ಕಿದ್ರೂ ವರ್ಷಾವರ್ಷ ಫೀಸು ಕಟ್ತಾ ಇರ್ಬೇಕು. ಯಾರೋ ಕದ್ರೆ ಅವರ ಮೀಟರ್ ಬಿಚ್ಚಿ ಸ್ಕೋಪ್ (ಸಿಗ್ನಲ್ಲಿನ ಅಲೆ ತೋರಿಸೋ ಯಂತ್ರ) ಹಿಡಿದು ಯಾವ ಕ್ರಮದಲ್ಲಿ ಸ್ಕ್ಯಾನ್ ಆಗ್ತಿದೆ ಅಂತ ನೀವೇ ತೋರಿಸ್ಬೇಕು. ಚೆನ್ನೈ ವಕೀಲರ ಫೀಸಲ್ಲಿ ಇನ್ನೊಂದು ಸ್ಕೋಪೇ ಬರುತ್ತೆ ಗುರು. ನಿಮ್ಮ ಪಾರ್ಟ್ನರ್ರು ಹೇಳಿದ್ದು ಸರಿ ಅನ್ಸುತ್ತೆ ನಂಗೆ.

ಹಳೇ_ಸ್ಕೋಪು

ನಾಲ್ಕು ಲೈನಿಗೆ ನಾಲ್ಕು ಪ್ರೋಬು ಹಿಡಿದ್ರೆ ಕ್ರಮ ಕಣ್ಣಿಗೆ ಕಾಣುತ್ತಪ್ಪಾ, ಅದೇನು ಕಷ್ಟ. ಚಿಪ್ಪಿನ ಒಳಗಿನ ಗುಟ್ಟಾಗಿದ್ರೆ ನೀವು ಹೇಳಿದ್ದು ಸರಿ, ಇದು ಹೊರಗೇ ಓಡಾಡೋ ಸಿಗ್ನಲ್ಲು. ಕದಿಯೋನೂ ಅಷ್ಟೇ ಸಲೀಸಾಗಿ ನೋಡ್ಕೋತಾನೆ, ಅದಕ್ಕೇ ಇದನ್ನ ಗುಟ್ಟಾಗಿ ಇಟ್ಕೊಳ್ಳೋ ದಾರಿನೂ ಇಲ್ಲ.

ಮ್ಯೂನಿಕ್_ಮಲ್ನಾಡು

ತೀರ್ಥಹಳ್ಳಿಯೋನು, ಈಗ ಮ್ಯೂನಿಕ್‌ನಲ್ಲಿ ಇದೇ ಥರದ ಕೆಲಸ. ಇಲ್ಲಿ ಯುರೋಪಿಯನ್ ಪೇಟೆಂಟ್ ಆಫೀಸಿನಲ್ಲಿ ಅಪೀಲು ಕೋರ್ಟಿಗೆ ಹೋಗಲ್ಲ, ಅವರದ್ದೇ ಬೋರ್ಡ್ಸ್ ಆಫ್ ಅಪೀಲ್ ಇದೆ, ತೀರ್ಮಾನ ತಿಳಿಸಿದ 2 ತಿಂಗಳೊಳಗೆ ನೋಟಿಸು, 4 ತಿಂಗಳೊಳಗೆ ಕಾರಣಗಳು. ಬೋರ್ಡಿನಲ್ಲಿ ಕೂರೋರಲ್ಲಿ ಟೆಕ್ನಿಕಲ್ ಓದಿದೋರೂ ಇರ್ತಾರೆ, ಹಾಗಾಗಿ ಐಡೆಂಟಿಟಿ ಮ್ಯಾಟ್ರಿಕ್ಸಿನ ವಿಷಯ ಹಳೇ ಸ್ಕೋಪ್ ಸಾರ್ ಹಿಡಿದ ಹಾಗೆ ಅವರೇ ಹಿಡಿದುಬಿಡ್ತಾರೆ. ಅವರ ವಾಡಿಕೆ ಏನಂದ್ರೆ ಹತ್ತಿರದ ಹಳೇ ದಾಖಲೆ ಒಂದನ್ನ ಹಿಡ್ಕೋ, ವ್ಯತ್ಯಾಸ ಏನು ಹೇಳು, ಆ ವ್ಯತ್ಯಾಸದಿಂದ ಆಗೋ ಪರಿಣಾಮ ಏನು ಹೇಳು, ಆ ಪರಿಣಾಮ ಬೇಕು ಅಂತ ಹೊರಟೋನಿಗೆ ಇದು ಹೊಳೀತಿತ್ತಾ ಕೇಳು. ನಿಮ್ಮ ಕೇಸಿಗೆ ಇದು ಲಾಯಕ್ಕಾಗಿ ಕೂರುತ್ತೆ ಮಾರಾಯ್ರೆ. ಪವರ್ ಉಳಿಸೋದು ಅಂತ ಪ್ರಶ್ನೆ ಇಟ್ರೆ ಡಿ2 ಉತ್ತರ ಕೊಡುತ್ತೆ, ನೀವು ಸೋಲ್ತೀರಿ. ಪವರ್ ಉಳಿಸೋಕೆ ಕ್ರಮ ಬದಲಾಯಿಸಿದಾಗ ಬರೋ ಮಿಣುಕನ್ನ ಹೇಗೆ ತಡೆಯೋದು ಅಂತ ಪ್ರಶ್ನೆ ಇಟ್ರೆ ಡಿ1, ಡಿ2 ಎರಡೂ ಬಾಯಿ ಮುಚ್ಕೊಂಡಿರುತ್ವೆ.

ಇನ್ನೊಂದು, ಇಲ್ಲಿ ಅಪೀಲಿನ ಕೊನೇ ಹಂತದಲ್ಲಿ ಹೊಸ ಕ್ಲೈಮು ತಂದ್ರೆ ಒಳಗೇ ಬಿಡಲ್ಲ, 2020ರ ರೂಲಿನಿಂದ ಬಹಳ ಬಿಗಿ. ಅಭ್ಯಾಸದ ಮಾತು ಹೇಳ್ತೀನಿ, ಎಲ್ಲಿ ಅಪೀಲು ಹಾಕಿದ್ರೂ ತಿದ್ದಿದ ಕ್ಲೈಮನ್ನ ಮೊದಲ ದಿನಾನೇ ಜೊತೆಗಿಡಿ, ಗೆದ್ದ ಮೇಲೆ ನೋಡೋಣ ಅಂತ ಬೇಡ.

ಮೀಟರ್_ಮಂಜ

ಇದೆ ಮೇಡಂ! ಈಗಷ್ಟೇ ಹಳೇ ಮೇಲ್ ತೆಗೆದು ನೋಡ್ದೆ. ಕ್ಲೈಮ್ 5, "ಆಯ್ಕೆಯಾದ ಕ್ರಮ ಮತ್ತು ಅದರ ಹಿಮ್ಮುಖ ಕ್ರಮಗಳಲ್ಲಿ, ಚಾಲ್ತಿಯಲ್ಲಿರುವ ಕ್ರಮಕ್ಕೆ ಹೋಲಿಸಿದಾಗ ಲೈನುಗಳ ಸ್ಥಾನಪಲ್ಲಟ ಕಡಿಮೆ ಇರುವುದನ್ನು ಎಲೆಕ್ಟ್ರೋಡುಗಳಿಗೆ ಅನ್ವಯಿಸುವ". ಡಿಸ್ಕ್ರಿಪ್ಶನ್ನಿನಲ್ಲಿ ಒಂದು ಪೂರ್ತಿ ಪ್ಯಾರಾ, ಮಿಣುಕಿನ ಫೋಟೋ ಬದಲಿಗೆ ಟೈಮಿಂಗ್ ಡಯಾಗ್ರಾಂ ಕೂಡ ಇದೆ, ಚಿತ್ರ 6. ಹಿಯರಿಂಗಿನಲ್ಲಿ ನಾವು ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಪೂರ್ತಿ ಹೊತ್ತು ಬ್ಯಾಟರಿ ಬ್ಯಾಟರಿ ಅಂತ ಕೂಗಿದ್ವಿ. ತಪ್ಪು ನಮ್ದೇ, ಅದು ನಮಗೆ ಬರೀ ಬಗ್ ಫಿಕ್ಸು ಅನ್ಸಿತ್ತು.

ಕರಡು_ಕಮಲ

ಕ್ಲೈಮಿನಲ್ಲೇ ಇದೆ, ಅದೂ "ಎಲೆಕ್ಟ್ರೋಡುಗಳಿಗೆ ಅನ್ವಯಿಸುವ" ಅಂತ ಬೇರೆ ಇದೆ. ಯಾರು ಬರೆದ್ರೋ ಅವರಿಗೊಂದು ಕಾಫಿ ಕೊಡಿಸಿ. ಸೆಕ್ಷನ್ 59 ಏನು ಹೇಳುತ್ತೆ ಅಂದ್ರೆ ತಿದ್ದುಪಡಿ ಬರೀ ಬಿಟ್ಟುಕೊಡೋದು, ಸರಿಪಡಿಸೋದು, ವಿವರಿಸೋದು ಇಷ್ಟರಲ್ಲೇ ಇರ್ಬೇಕು, ಮೊದಲಿನ ಕ್ಲೈಮಿನ ವ್ಯಾಪ್ತಿ ಮೀರ್ಬಾರ್ದು. ಕ್ಲೈಮ್ 5ನ್ನ 1ರ ಒಳಗೆ ಸೇರಿಸಿದ್ರೆ ವ್ಯಾಪ್ತಿ ಕಿರಿದಾಗುತ್ತೆ, ಹಿಗ್ಗಲ್ಲ. ಅಪೀಲಿನಲ್ಲಿ ಹಳೇ ಕ್ಲೈಮ್ 1 ಉಳಿಸಿಕೊಡಿ ಅಂತ ಜಗಳ ಬೇಡ, ಅದನ್ನ ಬಿಟ್ಟುಕೊಟ್ಟು ಕಿರಿದು ಮಾಡಿದ ಕ್ಲೈಮಿನ ಮೇಲೆ ಮತ್ತೆ ಪರಿಶೀಲನೆಗೆ ಕಳಿಸಿ ಅಂತ ಕೇಳೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಒಂದು ಕಹಿ ಮಾತು: ಹಿಯರಿಂಗಿನಲ್ಲಿ ಯಾಕೆ ಹೇಳಲಿಲ್ಲ ಅಂತ ಜಡ್ಜು ಕೇಳೇ ಕೇಳ್ತಾರೆ, ನಿಮ್ಮ ಲಿಖಿತ ಉತ್ತರದಲ್ಲಾದ್ರೂ ಕ್ಲೈಮ್ 5 ಹೆಸರು ಬಂದಿದ್ಯಾ ಹುಡುಕಿಡಿ. ಬರೀ ಒಂದು ಸಾಲಾದ್ರೂ ಸಾಕು.

ಮೀಟರ್_ಮಂಜ

ಹುಡುಕ್ತೀನಿ. ಆರ್ಡರ್ ಆಗಿ ಇವತ್ತಿಗೆ 52 ದಿನ ಮೇಡಂ. ಪಾರ್ಟ್ನರ್ರಿಗೆ ಈ ಥ್ರೆಡ್ ಕಳಿಸಿದೀನಿ, ಉಪ್ಪಿನಕಾಯಿ ಅವರ ಕಾಮೆಂಟಿಗೆ ಮಾತ್ರ ಥಂಬ್ಸ್ ಅಪ್ ಹಾಕಿದಾನೆ.

ಸಾರ್, ಆ ಹೇರ್ ಡ್ರೈಯರ್ ವಿಡಿಯೋ ಇನ್ನೂ ಇದೆ, ಸ್ಕೋಪಿನ ಸ್ಕ್ರೀನ್‌ಶಾಟೂ ಇದೆ, ಆದ್ರೆ ಆಗ ಟೆಂಪರೇಚರ್ ಎಷ್ಟಿತ್ತು ಅಂತ ಬರೆದಿಟ್ಟಿಲ್ಲ. ಮತ್ತೆ ಮಾಡ್ಬೇಕಾ?

ಹಳೇ_ಸ್ಕೋಪು

ಮಾಡಿ. ಈ ಸಲ ಡ್ರೈಯರ್ ಬೇಡ, ಯಾರದ್ದಾದ್ರೂ ಓವನ್ ಕೇಳಿ, ಗಾಜಿನ ಪಕ್ಕಾನೇ ಥರ್ಮೋಕಪಲ್ ಅಂಟಿಸಿ. 25, 40, 55 ಡಿಗ್ರಿ, ಮೂರರಲ್ಲೂ ನೆಟ್ಟಗೆ ಹಾಕಿದ್ದು ಒಂದು, ತಿರುಗಿಸಿ ಹಾಕಿದ್ದು ಒಂದು. ನಾಲ್ಕು ಚಾನೆಲ್ ಸ್ಕೋಪ್ ಇಲ್ಲ ಅಂದ್ರೆ ನನ್ನದು ವಿಜಯನಗರದ ಮನೇಲಿ ಧೂಳು ತಿಂತಾ ಬಿದ್ದಿದೆ, ಭಾನುವಾರ ಬಂದು ತಗೊಂಡೋಗಿ. ಪ್ರೋಬು ಮೂರೇ ಇರೋದು, ನಾಲ್ಕನೇದು ನೀವೇ ತರ್ಬೇಕು.